ಕಾಡು ಶುರುವಾಗುವುದು ಕಪ್ಪು ಕೊಟ್ಟೆಯಲ್ಲಿ

[ದೃಶ್ಯ: ಸಸಿಯ ಕಪ್ಪು ಪ್ಲಾಸ್ಟಿಕ್ ಚೀಲವನ್ನು ಬ್ಲೇಡಿನಿಂದ ಸೀಳುತ್ತಿರುವ ಕೈ. ಬೇರು ತೀರಾ ಹತ್ತಿರದಿಂದ.]

ನಮಸ್ಕಾರ. ಈ ಬೇರನ್ನು ಸ್ವಲ್ಪ ನೋಡಿ. ಕೊಟ್ಟೆಯ ತಳದಲ್ಲಿ ಸಿಂಬಿ ಥರ ಸುತ್ತಿಕೊಂಡಿದೆ. ನಮ್ಮ ಕಡೆ ಈ ಪ್ಲಾಸ್ಟಿಕ್ ಚೀಲಕ್ಕೆ ಕೊಟ್ಟೆ ಅನ್ನುತ್ತೇವೆ. ಮೇಲಿನ ಎಲೆ ನೋಡಿದರೆ ಹಸಿರಾಗಿದೆ, ಯಾವ ದೋಷವೂ ಕಾಣುವುದಿಲ್ಲ. ಇದನ್ನು ಹೀಗೇ ನೆಟ್ಟರೆ ಮೊದಲೆರಡು ವರ್ಷ ಏನೂ ಗೊತ್ತಾಗುವುದಿಲ್ಲ.

ನಮ್ಮ ಮನೆ ಹಿಂದೆ ನಾನು ನೆಟ್ಟಿದ್ದ ನೇರಳೆ ಹೀಗೇ ಹೋಯಿತು. ನಾಲ್ಕನೇ ಮಳೆಗಾಲದಲ್ಲಿ ಒಂದು ಗಾಳಿಗೆ ಬುಡಸಮೇತ ಮಲಗಿತು. ಎತ್ತಿ ನೋಡಿದರೆ ಬೇರು ಇನ್ನೂ ಕೊಟ್ಟೆಯ ಆಕಾರದಲ್ಲೇ ಇತ್ತು. ಅವತ್ತಿನಿಂದ ಯಾರಾದರೂ ಸಸಿ ನೆಡುವ ಫೋಟೋ ಹಾಕಿದರೆ ನನಗೆ ಒಂದೇ ಯೋಚನೆ: ಇದನ್ನು ಬೆಳೆಸಿದ ಕೈ ಯಾರದು?

ದೇಶದಲ್ಲಿ ವನಮಹೋತ್ಸವ ಶುರುವಾದದ್ದು 1950ರಲ್ಲಿ. ಪ್ರತಿ ಜುಲೈನಲ್ಲಿ ಎಷ್ಟು ಸಸಿ ನೆಟ್ಟೆವು ಅಂತ ಲೆಕ್ಕ ಹಾಕುತ್ತೇವೆ. ಆದರೆ ಆ ಸಸಿಯ ಹಣೆಬರಹ ಅದಕ್ಕೂ ಆರು ತಿಂಗಳ ಮುಂಚೆ, ನರ್ಸರಿಯಲ್ಲೇ ಬರೆದಾಗಿರುತ್ತದೆ.

[ದೃಶ್ಯ: ಉತ್ತರ ಕನ್ನಡ, ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ದಾರಿ.]

ತುಳಸಿ ಗೌಡರು ನೆನಪಿದ್ದಾರೆ ಅಲ್ವಾ? ಇದೇ ಹೊನ್ನಳ್ಳಿಯ, ಹಾಲಕ್ಕಿ ಸಮುದಾಯದ ಅಜ್ಜಿ. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಹೋಗಿ ಪದ್ಮಶ್ರೀ ತೆಗೆದುಕೊಂಡವರು. ಆ ಫೋಟೋ ಎಲ್ಲರ ಮೊಬೈಲಿಗೂ ಬಂತು. ಅವರ ಕೆಲಸ ಏನು ಅಂತ ಕೇಳಿದವರು ಕಡಿಮೆ. ಶಾಲೆಗೆ ಹೋಗಲಿಲ್ಲ. ಚಿಕ್ಕ ಹುಡುಗಿಯಾಗಿದ್ದಾಗಲೇ ಅಮ್ಮನ ಜೊತೆ ನರ್ಸರಿ ಕೂಲಿಗೆ ಹೋದರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದಿನಗೂಲಿ ಮಾಡಿದ ಮೇಲೆ ಕೆಲಸ ಕಾಯಂ ಆಯಿತು. 2024ರ ಡಿಸೆಂಬರ್ 16ರಂದು ತೀರಿಕೊಂಡರು.

ಅವರ ದೊಡ್ಡ ವಿದ್ಯೆ ತಾಯಿ ಮರ ಗುರುತಿಸುವುದು. ಕಾಡಿನಲ್ಲಿ ಯಾವ ಮರದ ಬೀಜ ಆಯಬೇಕು, ಯಾವಾಗ ಆಯಬೇಕು, ಅದು ಅವರಿಗೆ ಗೊತ್ತಿತ್ತು. ರಸ್ತೆ ಪಕ್ಕ ಒಂಟಿಯಾಗಿ ನಿಂತ ಮರದ ಬೀಜ ಸುಲಭವಾಗಿ ಸಿಗುತ್ತದೆ, ನಿಜ. ಆದರೆ ಸುತ್ತ ಅದೇ ಜಾತಿಯ ಬೇರೆ ಮರ ಇಲ್ಲದಿದ್ದರೆ ಬೀಜ ಸೊರಗಿರುವುದೇ ಜಾಸ್ತಿ. ಕಾಡಿನ ಒಳಗೆ, ಒಂದಲ್ಲ, ಹತ್ತಾರು ಒಳ್ಳೆಯ ಮರಗಳಿಂದ ಆಯಬೇಕು.

ಆಮೇಲೆ ಒಂದೊಂದು ಬೀಜದ್ದೂ ಒಂದೊಂದು ಸ್ವಭಾವ. ಹಲಸು, ಧೂಪದ ಮರದ ಬೀಜ ಒಣಗಿಸಿ ಡಬ್ಬಿಯಲ್ಲಿಟ್ಟರೆ ಸತ್ತೇ ಹೋಗುತ್ತವೆ. ಬಿದ್ದ ಕೆಲವೇ ದಿನದಲ್ಲಿ ಮಣ್ಣು ಸೇರಬೇಕು. ತೇಗ ಇದಕ್ಕೆ ತದ್ವಿರುದ್ಧ. ಅದರ ಸಿಪ್ಪೆ ಗಟ್ಟಿ. ರಾತ್ರಿ ನೀರಲ್ಲಿ ನೆನೆಸಿ, ಹಗಲು ಬಿಸಿಲಿಗೆ ಹರಡಿ, ಹೀಗೆ ಎಷ್ಟೋ ದಿನ ಮಾಡಿದರೆ ಮಾತ್ರ ಮೊಳಕೆಗೆ ಮನಸ್ಸು ಮಾಡುತ್ತದೆ.

[ದೃಶ್ಯ: ನರ್ಸರಿಯಲ್ಲಿ ಬೆಳಗಿನ ನೀರು. ಮಹಿಳೆಯೊಬ್ಬರು ಕೊಟ್ಟೆಗಳನ್ನು ಎತ್ತಿ ಜಾಗ ಬದಲಿಸುತ್ತಿದ್ದಾರೆ.]

ಇಲ್ಲಿ ಅವರು ಏನು ಮಾಡುತ್ತಿದ್ದಾರೆ ಗೊತ್ತಾ? ಸುಮ್ನೆ ಜೋಡಿಸುತ್ತಿಲ್ಲ. ಕೊಟ್ಟೆ ಒಂದೇ ಕಡೆ ಕೂತರೆ ಬೇರು ತಳದ ತೂತಿನಿಂದ ನೆಲಕ್ಕಿಳಿಯುತ್ತದೆ. ಲಾರಿಗೆ ಹೇರುವ ದಿನ ಕಿತ್ತರೆ ಮುಖ್ಯ ಬೇರೇ ಹರಿಯುತ್ತದೆ, ಸಸಿ ಬಾಡುತ್ತದೆ. ಅದಕ್ಕೆ ಆಗಾಗ ಎತ್ತಿ, ಹೊರಬಂದ ಬೇರು ಕತ್ತರಿಸಿ, ಬೇರೆ ಕಡೆ ಇಡುತ್ತಾರೆ. ಸಸಿ ದೊಡ್ಡದಾದರೆ 5×8 ಇಂಚಿನ ಕೊಟ್ಟೆಯಿಂದ 8×12ಕ್ಕೆ. ಈ ಕೆಲಸ ತಪ್ಪಿದ್ದಕ್ಕೇ ನನ್ನ ನೇರಳೆ ಬಿದ್ದದ್ದು.

ನೀರು ಜಾಸ್ತಿಯಾದರೂ ಕಷ್ಟ. ಬುಡದಲ್ಲಿ ಶಿಲೀಂಧ್ರ ಹಿಡಿದು ಎಳೆ ಸಸಿ ಕತ್ತು ಮುರಿದಂತೆ ಬಾಗುತ್ತದೆ. ಕೊನೆಯ ಒಂದು ತಿಂಗಳಂತೂ ಬೇಕೆಂದೇ ನೆರಳು ಸರಿಸಿ, ನೀರು ಕಡಿಮೆ ಮಾಡುತ್ತಾರೆ. ಸಸಿ ಗಟ್ಟಿಯಾಗಲಿ ಅಂತ. ಗುಡ್ಡದ ಮೇಲೆ ಅದಕ್ಕೆ ದಿನಾ ನೀರು ಹಾಕುವವರು ಯಾರಿದ್ದಾರೆ?

ಈಗ ಅರಣ್ಯ ರಕ್ಷಕರ ವಿಷಯಕ್ಕೆ ಬರೋಣ. ಗಾರ್ಡ್, ವಾಚರ್ ಅಂದರೆ ಬೆಂಕಿ, ಆನೆ, ಮರಗಳ್ಳರು, ಇಷ್ಟೇ ನಮ್ಮ ಕಣ್ಣಿಗೆ ಬರುವುದು. ಆದರೆ ದಿನಾ ಬೀಟ್, ಅಂದರೆ ತಮ್ಮ ಪಾಲಿನ ಕಾಡು, ಸುತ್ತುವವರು ಅವರೇ. ಯಾವ ಹೊನ್ನೆ ಮರ ಈ ವರ್ಷ ಕಾಯಿ ಬಿಟ್ಟಿದೆ, ಯಾವ ಧೂಪದ ಬುಡದಲ್ಲಿ ಬೀಜ ಉದುರಿದೆ, ಮೊದಲು ನೋಡುವುದು ಅವರ ಕಣ್ಣು. ಆ ಕಣ್ಣಿಗೆ ನರ್ಸರಿಯ ತಿಳಿವಳಿಕೆ ಇಲ್ಲದಿದ್ದರೆ ಬೀಜ ಅಲ್ಲೇ ಕೊಳೆಯುತ್ತದೆ. ಎರಡು ದಿನ ಹಾಲ್‌ನಲ್ಲಿ ಕೂರಿಸಿ ಸ್ಲೈಡ್ ತೋರಿಸಿದರೆ ಈ ತಿಳಿವಳಿಕೆ ಬರುವುದಿಲ್ಲ. ಹೊಸ ಗಾರ್ಡ್ ಒಬ್ಬರು ಡಿಸೆಂಬರ್‌ನಿಂದ ಜುಲೈವರೆಗೆ, ಒಂದು ಪೂರ್ತಿ ಸೀಸನ್, ನರ್ಸರಿಯಲ್ಲಿ ಮಣ್ಣು ಕಲಸಬೇಕು. ಕಲಿಸುವವರು ಅಲ್ಲೇ ಕೂಲಿ ಮಾಡುವ ಹೆಂಗಸರಾಗಬೇಕು. ಹಾಗೆ ಕಲಿಸಿದ್ದಕ್ಕೆ ಅವರಿಗೆ ಗುರುವಿನ ಸಂಬಳ ಸಿಗಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಊರಿನವರ ಪಾಲೂ ಇದೆ. ಕರ್ನಾಟಕದಲ್ಲಿ 1993ರಿಂದ ಜಂಟಿ ಅರಣ್ಯ ಯೋಜನೆಯಡಿ, ಅಂದರೆ ಊರಿನವರು ಇಲಾಖೆಯ ಜೊತೆ ಸೇರಿ ಕಾಡು ನೋಡಿಕೊಳ್ಳುವ ಏರ್ಪಾಟಿನಡಿ, ಗ್ರಾಮ ಅರಣ್ಯ ಸಮಿತಿಗಳಿವೆ. ಸಮಿತಿಯ ಸಭೆಯಲ್ಲಿ ಕೇಳಬೇಕಾದ ಮೊದಲ ಮಾತು, ಯಾವ ಗಿಡ ಬೇಕು ಅನ್ನುವುದು. ಬರೀ ಅಕೇಶಿಯಾ ಹಾಕಿದರೆ ಊರಿಗೆ ಅದು ಇಲಾಖೆಯ ಗಿಡ. ಉಪ್ಪಾಗೆ, ಮುರುಗಲು, ಅಂಟುವಾಳ, ನೆಲ್ಲಿ, ಹೀಗೆ ಊರಿನ ಉಪಯೋಗಕ್ಕೆ ಬರುವ ಕಾಯಿ ಬಿಡುವ ಗಿಡ ಹಾಕಿದರೆ ದನ ನುಗ್ಗಿದಾಗ ಓಡಿಸಲು ಊರೇ ಬರುತ್ತದೆ. ರೈತರ ಹೊಲಕ್ಕಾದರೆ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇದೆ. ಅದರಲ್ಲಿ ನೆಟ್ಟದ್ದಕ್ಕಲ್ಲ, ಬದುಕಿದ ಸಸಿಗೆ ಮೂರು ವರ್ಷ ಹಣ ಕೊಡುತ್ತಾರೆ. ಈ ಲೆಕ್ಕ ನನಗೆ ತುಂಬಾ ಇಷ್ಟ.

[ದೃಶ್ಯ: ಬರೀ ಮಣ್ಣು ಕಾಣುವ ಒಂದು ಮಡಿ.]

ಕೊನೆಗೆ ಈ ಮಡಿ ನೋಡಿ. ಖಾಲಿ ಅನ್ನಿಸುತ್ತದೆ. ಇಲ್ಲಿ ಉಪ್ಪಾಗೆ ಬೀಜ ಬಿತ್ತಿದ್ದಾರೆ. ಅದು ಮೊಳೆಯಲು ಐದಾರು ತಿಂಗಳು ಬೇಕು. ಅಲ್ಲಿಯವರೆಗೆ ಒಂದು ಹಸಿರು ಚುಕ್ಕೆಯೂ ಕಾಣದ ಈ ಮಣ್ಣಿಗೆ ಹದ ನೋಡಿಕೊಂಡು ನೀರು ಹಾಕುತ್ತಲೇ ಇರಬೇಕು.