ಕುಸುಬಿ ಹೂವಿನ ಕೆಂಪು: ಒಲೆ ಹಚ್ಚದೇ ಬಟ್ಟೆಗೆ ಬಣ್ಣ

[ದೃಶ್ಯ: ಜೇವರ್ಗಿ ಕಡೆಯ ಕರಿಮಣ್ಣು. ಕಡಲೆ ಹೊಲದ ಅಂಚಿಗೆ ಕುಸುಬಿ ಸಾಲು]

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲೋಕೆ ಹೊಲಕ್ಕೆ ಹೋದವರು ಈ ಗಿಡ ನೋಡಿರ್ತೀರಿ. ದನ ಬಾಯಿ ಹಾಕಬಾರದು ಅಂತ ಜೋಳ, ಕಡಲೆ ಸುತ್ತ ಮುಳ್ಳಿನ ಕುಸುಬಿ ಹಾಕೋದು ನಮ್ಮ ಕಲಬುರಗಿ ಸೀಮೆಯ ಹಳೇ ರೂಢಿ. ಎಳೇ ಎಲೆ ಪಲ್ಯಕ್ಕೆ, ಕಾಳು ಗಾಣಕ್ಕೆ. ಹೂವನ್ನ ಮಾತ್ರ ಕೇಳೋರಿಲ್ಲ, ಒಣಗಿ ಮಣ್ಣಿಗೆ ಬೀಳುತ್ತೆ. ಅದೇ ಹೂವಿಂದ ಹತ್ತಿ ಬಟ್ಟೆಗೆ ಗುಲಾಬಿ ಬಣ್ಣ ಹಾಕೋದನ್ನ ಇವತ್ತು ನೋಡೋಣ.

[ಹತ್ತಿರದ ದೃಶ್ಯ: ಹಳದಿ ಹೂ, ಪಕ್ಕದಲ್ಲಿ ಬಾಡಿದ ಕೆಂಪು ಹೂ]

ಒಂದೇ ಗಿಡದ ಎರಡು ಹೂ ಇವು. ಈ ಹಳದಿ ಹೂ ಈಗಷ್ಟೇ ಅರಳಿದ್ದು, ಇದನ್ನ ಕಿತ್ತರೆ ಕೆಂಪು ಸಿಗಲ್ಲ. ಪಕಳೆ ಬಾಡುವಾಗಲೇ ಅದರೊಳಗೆ ಕೆಂಪು ಹುಟ್ಟೋದು. ಕಿತ್ತಳೆ-ಕೆಂಪಿಗೆ ತಿರುಗಿದ ಮೇಲೆ ಎಳೀರಿ, ಸಲೀಸಾಗಿ ಕೈಗೆ ಬರುತ್ತೆ. ಅಷ್ಟೊತ್ತಿಗೆ ಕಾಳು ಕಟ್ಟೋಕೆ ಶುರುವಾಗಿರುತ್ತೆ, ಇಳುವರಿಗೆ ಪೆಟ್ಟು ಬೀಳಲ್ಲ. ಬೆಳಗಿನ ಇಬ್ಬನಿ ಇರುವಾಗಲೇ ಹೋಗಿ, ಮುಳ್ಳು ಮೆತ್ತಗಿರುತ್ತೆ. ಅಣ್ಣಿಗೇರಿ-1 ತಳಿಯಾದ್ರೆ ಕೈಗವಸು ಬೇಕೇಬೇಕು. ಪಕಳೆ ನೆರಳಲ್ಲೇ ಒಣಗಲಿ.

ಇದರಲ್ಲಿ ಎರಡು ಬಣ್ಣ ಇವೆ. ಹಳದಿ ಬೇಕಾದಷ್ಟಿದೆ, ತಣ್ಣೀರಿಗೇ ಬಿಡುತ್ತೆ. ಕೆಂಪಿನ ಹೆಸರು ಕಾರ್ಥಮಿನ್, ಒಣ ಪಕಳೆಯಲ್ಲಿ ಶೇ 1ರಷ್ಟೂ ಇರಲ್ಲ. ಅದು ಬರೀ ನೀರಿಗೆ ಜಗ್ಗಲ್ಲ, ಕ್ಷಾರ ಬೇಕು. ಆಮೇಲೆ ಹುಳಿ ಬಿದ್ದರೆ ನೀರು ಬಿಟ್ಟು ನೂಲಿಗೆ ಹತ್ತಿಕೊಳ್ಳುತ್ತೆ. ಇಡೀ ಕಸುಬು ನಿಂತಿರೋದು ಈ ಗುಣದ ಮೇಲೆ.

[ದೃಶ್ಯ: ತಕ್ಕಡಿ, ತೆಳು ಬಟ್ಟೆ ಚೀಲ, ಪ್ಲಾಸ್ಟಿಕ್ ಬಕೆಟ್]

100 ಗ್ರಾಂ ಬಟ್ಟೆಗೆ 100 ಗ್ರಾಂ ಒಣ ಪಕಳೆ ಹಾಕಿದ್ರೆ ತಿಳಿ ಗುಲಾಬಿ, 200 ಗ್ರಾಂ ಹಾಕಿದ್ರೆ ಗಾಢ. ಬಟ್ಟೆಯ ಗಂಜಿ ಮೊದಲೇ ತೊಳೆದು ತೆಗೆದಿರಿ. ಪಕಳೆಯನ್ನ ಚೀಲಕ್ಕೆ ಕಟ್ಟಿ ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿ, ಹಿಂಡಿ, ನೀರು ಬದಲಿಸಿ, ಮತ್ತೆ ಹಿಂಡಿ. ನೀರು ಹೆಚ್ಚುಕಡಿಮೆ ತಿಳಿಯಾಗೋವರೆಗೂ ಇದೇ ಕೆಲಸ. ಬೇಜಾರಿನ ಕೆಲಸ ಹೌದು, ಆದರೆ ಇಲ್ಲಿ ಅವಸರ ಮಾಡಿದ್ರೆ ಗುಲಾಬಿ ಬದಲು ಮಂಕು ಕಿತ್ತಳೆ ಬರುತ್ತೆ. ಮೊದಲ ಹಳದಿ ನೀರು ಚೆಲ್ಲಬೇಡಿ, ಪಟಿಕದಲ್ಲಿ ನೆನೆಸಿದ ರೇಷ್ಮೆ ಅದನ್ನ ಚೆನ್ನಾಗಿ ಹಿಡಿಯುತ್ತೆ.

ಈಗ ಕೆಂಪು. 3 ಲೀಟರ್ ತಣ್ಣೀರಿಗೆ ವಾಷಿಂಗ್ ಸೋಡಾ ಸ್ವಲ್ಪಸ್ವಲ್ಪವಾಗಿ ಹಾಕ್ತಾ, ಹುಳಿ-ಕ್ಷಾರ ಎಷ್ಟಿದೆ ಅಂತ ತೋರಿಸೋ ಪಿಎಚ್ ಪೇಪರ್ ಅದ್ದಿ ನೋಡಿ. 10ರಿಂದ 11ಕ್ಕೆ ಬಂದ್ರೆ ಸಾಕು. ಹಿಂದಿನವರು ಇದಕ್ಕೆ ಬೂದಿ ನೀರು ಬಳಸ್ತಿದ್ರು, ಅದೂ ನಡೆಯುತ್ತೆ. ಕೈಗವಸು ಹಾಕಿ ಚೀಲ ನಾದಿ. ನೀರು ಕಂದುಗೆಂಪಾಗುತ್ತೆ. ಒಂದು ಗಂಟೆಯೊಳಗೆ ಸೋಸಿಬಿಡಿ, ಯಾಕಂದ್ರೆ ಕ್ಷಾರದಲ್ಲಿ ಹೆಚ್ಚು ಹೊತ್ತು ಕೂತ ಕೆಂಪು ಕೆಡುತ್ತೆ.

[ಹತ್ತಿರದ ದೃಶ್ಯ: ಸೋಸಿದ ನೀರಿಗೆ ನಿಂಬೆರಸ]

ನಿಂಬೆರಸ ನಿಧಾನಕ್ಕೆ ಬಿಡಿ. ಸೋಡಾ ಇರೋದ್ರಿಂದ ಬುಸ್ಸಂತ ನೊರೆ ಏಳುತ್ತೆ, ಬಕೆಟ್ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ನೊರೆ ನೋಡಿ, ಮೊದಲು ಅದಕ್ಕೇ ಗುಲಾಬಿ ಬಣ್ಣ ಬರುತ್ತೆ, ಆಮೇಲೆ ಕಂದು ನೀರು ಕೆಂಪಗೆ ತಿರುಗುತ್ತೆ. ಪಿಎಚ್ 6ಕ್ಕೆ ಬಂದಾಗ ಹುಳಿ ನಿಲ್ಲಿಸಿ, ಒದ್ದೆ ಬಟ್ಟೆ ಮುಳುಗಿಸಿ. ಮೊದಲ ಅರ್ಧ ಗಂಟೆ ತಿರುವುತ್ತಾ ಇರಿ, ಇಲ್ಲಾಂದ್ರೆ ಮಡಿಕೆಯ ಗೆರೆ ಉಳಿಯುತ್ತೆ. ಆಮೇಲೆ ಬೆಳಗಿನವರೆಗೆ ಬಿಡಿ. ತಣ್ಣೀರಲ್ಲಿ ಜಾಲಿಸಿ, ನೆರಳಲ್ಲಿ ಹರವಿ.

ಕೆಡೋದು ಎಲ್ಲಿ? ಹೆಚ್ಚಿನವರು ಅರಿಶಿನ, ಮುತ್ತುಗದ ಹಾಗೆ ಇದನ್ನೂ ಕುದಿಸ್ತಾರೆ, ಕೆಂಪು ಅಲ್ಲೇ ಸತ್ತುಹೋಗುತ್ತೆ. ಎರಡನೇದು ಬೋರ್‌ವೆಲ್ ನೀರು. ಗಡಸು ನೀರಿಗೆ ಸೋಡಾ ಬಿದ್ದರೆ ಸುಣ್ಣ ಒಡೆದು ಬೆಳ್ಳಗೆ ಕದಡುತ್ತೆ, ಬಟ್ಟೆ ಕಲೆಕಲೆಯಾಗುತ್ತೆ. ಮಳೆ ನೀರು ಅಥವಾ ಆರ್‌ಒ ನೀರು ತಗೊಳ್ಳಿ. ಕಬ್ಬಿಣದ ಪಾತ್ರೆಯೂ ಬೇಡ, ಬಣ್ಣ ಕಪ್ಪಾಗುತ್ತೆ.

ಇನ್ನೊಂದು ಮಾತು ನೇರವಾಗಿ ಹೇಳಿಬಿಡ್ತೀವಿ. ಈ ಕೆಂಪು ಬಿಸಿಲಿಗೆ ಮಾಸುತ್ತೆ, ಸೋಪಿಗೆ ಬಿಡುತ್ತೆ. ದಿನಾ ಒಗೆಯೋ ಬಟ್ಟೆಗೆ ಹಾಕೋದು ದಂಡ. ಹಬ್ಬಕ್ಕೊಮ್ಮೆ ಸುತ್ತೋ ರುಮಾಲಿಗೆ, ಮೇಲುಹೊದಿಕೆಗೆ ಸರಿ.

ರೇಷ್ಮೆಗೆ ಅಪ್ಪಟ ಗುಲಾಬಿ ಬೇಕಾ? ಅದು ಉಳಿದ ಹಳದಿಯನ್ನೂ ಎಳ್ಕೊಳ್ಳುತ್ತೆ. ಅದಕ್ಕೆ ಮೊದಲು ಹಳೇ ಹತ್ತಿ ಬಟ್ಟೆಗೆ ಬಣ್ಣ ಹಿಡಿಸಿ, ಜಾಲಿಸಿ. ಹತ್ತಿ ಕೆಂಪನ್ನ ಹಿಡಿಯುತ್ತೆ, ಹಳದಿ ನೀರಲ್ಲೇ ಹೋಗುತ್ತೆ. ಆ ಬಟ್ಟೆಯನ್ನ ಸೋಡಾ ನೀರಿಗೆ ಹಾಕಿ ಕೆಂಪು ಬಿಡಿಸಿ, ಹುಳಿ ಸೇರಿಸಿ, ಅದರಲ್ಲಿ ರೇಷ್ಮೆ ಅದ್ದಿ.

[ದೃಶ್ಯ: ಬಿಳಿ ತಟ್ಟೆಯಲ್ಲಿ ಕೇಸರಿ ಎಸಳು, ಕುಸುಬಿ ಪಕಳೆ]

ಕೇಸರಿಗೆ ಕುಸುಬಿ ಬೆರೆಸಿ ಮಾರೋದು ಹಳೇ ಮೋಸ. ನೆನೆಸಿ ಬಿಡಿಸಿ ನೋಡಿ. ಕೇಸರಿಯ ಎಳೆ ಒಂದು ತುದಿಗೆ ತುತ್ತೂರಿಯ ಹಾಗೆ ಅಗಲವಾಗಿರುತ್ತೆ. ಕುಸುಬಿಯದು ಸಣ್ಣ ಕೊಳವೆ, ತುದಿ ಐದು ಸೀಳು.

ಮದ್ದಿನ ವಿಷಯ. ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ ಮೊಣಕಾಲಿಗೆ ತಿಕ್ಕೋದು ಹಳ್ಳಿಗಳಲ್ಲಿ ರೂಢಿ, ಅದರಿಂದ ತೊಂದರೆ ಇಲ್ಲ. ಪಕಳೆಯ ಕಷಾಯವನ್ನ ಮುಟ್ಟು ತಡವಾದಾಗ ಕುಡಿಸೋದುಂಟು. ಗರ್ಭಕೋಶವನ್ನ ಕೆರಳಿಸೋ ಗುಣ ಅದಕ್ಕಿದೆ, ಬಸುರಿಯರು ಮುಟ್ಟಲೇಬಾರದು. ರಕ್ತ ತೆಳುವಾಗಿಸೋ ಮಾತ್ರೆ ತಗೊಳ್ಳೋರು, ಆಪರೇಷನ್ ಇಟ್ಕೊಂಡೋರೂ ಬಿಡಬೇಕು. ಕುಸುಬಿ ಪಾರ್ಥೇನಿಯಂ ಕುಟುಂಬದ್ದೇ ಗಿಡ. ಆ ಕಳೆಗೆ ಮೈ ತುರಿಸೋರು ಹೂ ಬಿಡಿಸೋಕೆ ಇಳಿಯೋ ಮುಂಚೆ ತೋಳು ಮುಚ್ಚಿ, ಮೂಗಿಗೆ ಬಟ್ಟೆ ಕಟ್ಕೊಳ್ಳಿ.