ಎರಡು ಅಡಿಯ ಪಟ್ ಬಿಟ್ಟುಕೊಡದ ಗೆಳೆಯರು

ಕೇಳುಗರಿಗೆಲ್ಲ ನಮಸ್ಕಾರ.

ಹೊಡೆತ ಅಭ್ಯಾಸ ಮಾಡುವ ಬಯಲಾದ ಡ್ರೈವಿಂಗ್ ರೇಂಜ್‌ನಲ್ಲಿ ಬುಟ್ಟಿಗಟ್ಟಲೆ ಚೆಂಡು ಹೊಡೆದು ಮನೆಗೆ ಹೋಗುವ ಗಾಲ್ಫ್ ಆಟಗಾರರನ್ನು ನಾನು ಬಹಳ ಕಂಡಿದ್ದೇನೆ. ಹೊಡೆತ ನೋಡಿದರೆ ಕಣ್ಣಿಗೆ ಹಬ್ಬ. ಸ್ಕೋರ್ ಕಾರ್ಡ್ ನೋಡಿದರೆ ಹೋದ ವರ್ಷದ್ದೇ ಲೆಕ್ಕ. ಇನ್ನೊಂದು ಕಡೆ, ವಾರಕ್ಕೊಂದು ದಿನ ಮೂರು ನಾಲ್ಕು ಜನ ಸ್ನೇಹಿತರು ಸೇರಿ, ಹಟ ಹಿಡಿದು, ಒಬ್ಬರನ್ನೊಬ್ಬರು ಸೋಲಿಸಲೆಂದೇ ಆಡುವ ಗುಂಪುಗಳಿವೆ. ಅಲ್ಲಿ ಎಲ್ಲರ ಆಟವೂ ನಿಧಾನವಾಗಿ ಮೇಲೇರುತ್ತದೆ. ನಮ್ಮ ಚಿಕ್ಕಮಗಳೂರಿನ ಗಾಲ್ಫ್ ಬಳಗದಲ್ಲಿ ಇದನ್ನು ನೋಡುತ್ತಲೇ ಬಂದಿದ್ದೇನೆ. ಇವತ್ತು ಅದರ ಬಗ್ಗೆಯೇ ನಾಲ್ಕು ಮಾತು.

ರೇಂಜ್‌ನಲ್ಲಿ ಒಂದು ಹೊಡೆತ ಕೆಟ್ಟರೆ ಮುಂದಿನ ಚೆಂಡು ಕಾಲ ಬುಡದಲ್ಲೇ ಇರುತ್ತದೆ, ಏನೂ ನಷ್ಟವಿಲ್ಲ. ಮೈದಾನಕ್ಕೆ ಇಳಿದರೆ ಒಂದೇ ಚೆಂಡು, ಒಂದೇ ಅವಕಾಶ, ಮೇಲಿಂದ ಗೆಳೆಯರ ಕಣ್ಣು. ಒಬ್ಬರೇ ಅಭ್ಯಾಸ ಮಾಡಿದರೆ ಕೈ ಪಳಗುತ್ತದೆ, ಎದೆ ಪಳಗುವುದಿಲ್ಲ. ಎದೆ ಪಳಗಬೇಕಾದರೆ ಸೋಲುತ್ತೇನೇನೋ ಎಂಬ ಅಳುಕು ಸ್ವಲ್ಪ ಇರಬೇಕು. ಸೋತ ಮೇಲೆ ಯಾರ ಮುಖವೂ ಕೆಡಬಾರದು. ಇವೆರಡೂ ಒಟ್ಟಿಗೆ ಸಿಗುವುದು ಗೆಳೆಯರ ಪೈಪೋಟಿಯಲ್ಲಿ.

ಜೊತೆಗೆ ಇನ್ನೊಬ್ಬರಿದ್ದರೆ ಮನುಷ್ಯನಿಗೆ ಹುರುಪು ಹೆಚ್ಚು ಎಂಬುದನ್ನು ಮನಶ್ಶಾಸ್ತ್ರದವರು ಬಹಳ ಹಿಂದೆಯೇ ಗಮನಿಸಿದ್ದಾರೆ. ಅಮೆರಿಕದ ನಾರ್ಮನ್ ಟ್ರಿಪ್ಲೆಟ್ 1898ರಲ್ಲಿ ಸೈಕಲ್ ಸ್ಪರ್ಧಿಗಳ ದಾಖಲೆಗಳನ್ನು ಹರಡಿಕೊಂಡು ಕೂತು ನೋಡಿದರು. ಒಬ್ಬರೇ ಗಡಿಯಾರದ ಎದುರು ತುಳಿದಾಗಿನ ವೇಗಕ್ಕಿಂತ ಪೈಪೋಟಿಗೆ ಬಿದ್ದು ತುಳಿದಾಗಿನ ವೇಗ ಹೆಚ್ಚಾಗಿತ್ತು. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. 1965ರಲ್ಲಿ ರಾಬರ್ಟ್ ಝಾಯನ್ಸ್ ಅದನ್ನು ಬಿಡಿಸಿ ಹೇಳಿದರು: ಚೆನ್ನಾಗಿ ರೂಢಿಯಾದ ಕೆಲಸ ಇತರರ ಎದುರು ಇನ್ನಷ್ಟು ಚೆನ್ನಾಗುತ್ತದೆ, ಈಗಷ್ಟೇ ಕಲಿಯುತ್ತಿರುವ ಕೆಲಸ ಕೆಡುತ್ತದೆ. ಗಾಲ್ಫ್ ಆಡುವವರು ಈ ಮಾತನ್ನು ಗಂಟು ಹಾಕಿಕೊಳ್ಳಬೇಕು. ಕೋಚ್ ಹೇಳಿದರೆಂದು ಈ ವಾರ ಹಿಡಿತ ಬದಲಿಸಿದ್ದೀರಾ? ಹಾಗಾದರೆ ಈ ಭಾನುವಾರ ಪಂದ್ಯ ಬೇಡ, ರೇಂಜ್‌ಗೆ ಹೋಗಿ. ಹೊಸ ಹಿಡಿತ ಕೈಗೆ ಕೂತ ಮೇಲೆ ಗೆಳೆಯರ ಎದುರು ನಿಲ್ಲಿ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯ ಇನ್ನು ಮುಂದಿದೆ. ನಮ್ಮ ಕಡೆ ಚೆಂಡು ಕುಳಿಯಿಂದ ಎರಡು ಅಡಿ ದೂರಕ್ಕೆ ಬಂದು ನಿಂತರೆ ಸಾಕು, "ಹೋಗ್ಲಿ ಬಿಡಿ ಮಾರಾಯ್ರೆ, ಎತ್ಕೊಳಿ" ಎನ್ನುತ್ತಾರೆ. ಎತ್ತಿಕೊಂಡವರು ಆಡದೆಯೇ ಒಂದು ಹೊಡೆತ ಬರೆಸಿ, ಮುಂದಿನ ಹೋಲ್ ಶುರುವಾಗುವ ಟೀ ಕಡೆ ನಡೆಯುತ್ತಾರೆ. ಪ್ರೀತಿಯಿಂದ ಹೇಳುವ ಮಾತೇ ಅದು. ಆದರೂ ಆಟವನ್ನು ಇಷ್ಟು ಕೆಡಿಸುವ ಮಾತು ಬೇರೊಂದಿಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಇನ್ನೂರೈವತ್ತು ಗಜ ಹಾರುವ ಡ್ರೈವ್‌ಗೂ ಒಂದು ಹೊಡೆತ, ಕುಳಿಯತ್ತ ಎರಡು ಅಡಿ ಉರುಳುವ ಪಟ್‌ಗೂ ಒಂದು ಹೊಡೆತ. ಹದಿನೆಂಟು ಹೋಲ್‌ಗಳ ಸುತ್ತಿಗೆ ಪಾರ್ 72, ಅಂದರೆ ನುರಿತವರಿಗೆ ಬೇಕಾಗುವ ಹೊಡೆತ 72, ಎಂದು ಗೊತ್ತುಮಾಡುವಾಗಲೇ ಹೋಲ್‌ಗೆ ಎರಡರಂತೆ 36 ಪಟ್‌ಗಳನ್ನು ಅದರಲ್ಲಿ ಸೇರಿಸಿರುತ್ತಾರೆ. ಹಾಗಾಗಿ ಅರ್ಧಕ್ಕರ್ಧ ಆಟ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಗ್ರೀನ್ ಮೇಲೆ. ಕುಳಿಯ ಅಗಲ 108 ಮಿಲಿಮೀಟರ್, ಚೆಂಡಿನ ಅಗಲ ಸುಮಾರು 43. ನೋಡುವುದಕ್ಕೆ ಧಾರಾಳ ಜಾಗ.

ಎತ್ಕೊಳಿ ಎನ್ನುವವರು ಯಾರೂ ಇಲ್ಲದ ದಿನ, ಅದೇ ಎರಡು ಅಡಿಯ ಪಟ್ ಆಡುವವರ ಕೈಯನ್ನು ಒಮ್ಮೆ ಗಮನಿಸಿ. ಗ್ರಿಪ್ ಮೇಲೆ ಹೆಬ್ಬೆರಳು ಒತ್ತಿ ಒತ್ತಿ ಬಿಳಿಚಿಕೊಂಡಿರುತ್ತದೆ. ಪಟ್ ಹೊಡೆಯುವ ಕೋಲು, ಪಟರ್, ಹಿಂದಕ್ಕೆ ಹೋಗುವುದು ಗೇಣುದ್ದವೂ ಇಲ್ಲ, ಮುಂದಕ್ಕೆ ಬರುವಾಗ ಗಡಿಬಿಡಿ. ಚೆಂಡಿಗೆ ತಾಗುವ ಮೊದಲೇ ತಲೆ ಎತ್ತಿ ಕುಳಿ ನೋಡಿಬಿಡುತ್ತಾರೆ. ಚೆಂಡು ಅಂಚು ಸವರಿಕೊಂಡು ಆಚೆ ಹೋಗುತ್ತದೆ. ವಾರವಾರವೂ ಗೆಳೆಯರು ಬಿಟ್ಟುಕೊಟ್ಟ ಪಟ್‌ಗಳ ಸಾಲವನ್ನು ಕ್ಲಬ್ಬಿನ ಟೂರ್ನಮೆಂಟ್ ದಿನ ಹೀಗೆ ತೀರಿಸಬೇಕಾಗುತ್ತದೆ. ಹೊಡೆತಗಳ ಮೊತ್ತ ಎಣಿಸುವ ಸ್ಟ್ರೋಕ್ ಪ್ಲೇನಲ್ಲಿ ಬಿಟ್ಟುಕೊಡುವುದಕ್ಕೆ ನಿಯಮದಲ್ಲೇ ಅವಕಾಶವಿಲ್ಲ, ಚೆಂಡು ಕುಳಿಗೆ ಬೀಳಲೇಬೇಕು. ಹೋಲ್ ಹೋಲ್‌ಗೆ ಸೋಲು ಗೆಲುವು ನಿರ್ಧಾರವಾಗುವ ಮ್ಯಾಚ್ ಪ್ಲೇನಲ್ಲಿ ಮಾತ್ರ ಎದುರಾಳಿಗೆ ಬಿಟ್ಟುಕೊಡಬಹುದು. ಒಮ್ಮೆ ಕೊಟ್ಟ ಮೇಲೆ ವಾಪಸ್ ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ನಿಮ್ಮ ಸ್ನೇಹಿತರ ಆಟ ಸುಧಾರಿಸಲಿ ಎಂಬ ಆಸೆ ನಿಮಗಿದ್ದರೆ ಆ ಪಟ್ ಆಡಿಸಿ. "ಹಾಕ್ಬಿಡಿ ಗೌಡ್ರೆ, ನೋಡೋಣ" ಎಂದು ನಗುತ್ತಲೇ ಹೇಳಿ. ಅವರೂ ನಿಮಗೆ ಹಾಗೇ ಹೇಳಲಿ.

ಬಿಟ್ಟುಕೊಡುವುದೇ ದೊಡ್ಡತನವಾದ ಸಂದರ್ಭವೂ ಇದೆ. 1969ರ ರೈಡರ್ ಕಪ್, ಇಂಗ್ಲೆಂಡಿನ ರಾಯಲ್ ಬರ್ಕ್‌ಡೇಲ್ ಮೈದಾನ. ಅಮೆರಿಕ ಮತ್ತು ಬ್ರಿಟನ್ ತಂಡಗಳ ಅಂಕ ಸಮಸಮ, ಉಳಿದಿದ್ದು ಕೊನೆಯ ಜೋಡಿಯ ಕೊನೆಯ ಹೋಲ್. ಅಮೆರಿಕದ ಜ್ಯಾಕ್ ನಿಕ್ಲಾಸ್ ತಮ್ಮ ಪಟ್ ಹಾಕಿ ಮುಗಿಸಿದ್ದರು. ಬ್ರಿಟನ್ನಿನ ಟೋನಿ ಜ್ಯಾಕ್ಲಿನ್ ಅವರಿಗೆ ಎರಡು ಅಡಿಯ ಆಸುಪಾಸಿನ ಪಟ್ ಬಾಕಿ ಇತ್ತು. ನಿಕ್ಲಾಸ್ ಅದನ್ನು ಬಿಟ್ಟುಕೊಟ್ಟರು. ಪಂದ್ಯ 16–16ಕ್ಕೆ ಮುಗಿಯಿತು. ರೈಡರ್ ಕಪ್ ಇತಿಹಾಸದಲ್ಲಿ ಸಮನಾಗಿ ಮುಗಿದ ಮೊದಲ ಸಲ ಅದು. ಹಿಂದಿನ ಸಲ ಗೆದ್ದಿದ್ದ ಅಮೆರಿಕದ ಬಳಿಯೇ ಕಪ್ ಉಳಿಯಿತು. ಮೂರು ದಿನ ಒಂದಿಂಚೂ ಬಿಡದೆ ಕಾದಾಡಿದ ಮೇಲೆ ಬಂದ ಔದಾರ್ಯವಾದ್ದರಿಂದ ಅದಕ್ಕೆ ಅಷ್ಟು ತೂಕ. ಮೊದಲ ಹೋಲ್‌ನಿಂದಲೇ ಎತ್ಕೊಳಿ ಎತ್ಕೊಳಿ ಎಂದಿದ್ದರೆ ಇವತ್ತು ಯಾರು ನೆನೆಸಿಕೊಳ್ಳುತ್ತಿದ್ದರು?

ಗೆಳೆಯರ ಗುಂಪಿನಲ್ಲಿ ಎಲ್ಲರೂ ಒಂದೇ ಮಟ್ಟದವರಾಗಿರುವುದಿಲ್ಲ. ಒಬ್ಬರು ಚಿಕ್ಕಂದಿನಿಂದ ಆಡಿದ ತೋಟದವರು, ಇನ್ನೊಬ್ಬರು ನಿವೃತ್ತಿಯಾದ ಮೇಲೆ ಗಾಲ್ಫ್ ಕೋಲು, ಅಂದರೆ ಕ್ಲಬ್, ಹಿಡಿದ ಬ್ಯಾಂಕಿನವರು, ಮತ್ತೊಬ್ಬರು ಕಾಲೇಜು ಓದುವ ಹುಡುಗಿ. ಬೇರೆ ಆಟಗಳಲ್ಲಿ ಇವರ ನಡುವೆ ಪಂದ್ಯ ಇಟ್ಟರೆ ಹತ್ತು ನಿಮಿಷಕ್ಕೆ ಬೇಜಾರಾಗುತ್ತದೆ. ಗಾಲ್ಫ್‌ನಲ್ಲಿ ಕಡಿಮೆ ಬಲದವರಿಗೆ ಹೊಡೆತಗಳ ರಿಯಾಯಿತಿ ಕೊಡುವ ಹ್ಯಾಂಡಿಕ್ಯಾಪ್ ಎಂಬ ಅದ್ಭುತ ಏರ್ಪಾಡು ಇದೆ. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯ ಪ್ರಕಾರ ನಿಮ್ಮ ಇತ್ತೀಚಿನ 20 ಸುತ್ತುಗಳಲ್ಲಿ ಅತ್ಯುತ್ತಮವಾದ 8ರ ಸರಾಸರಿಯ ಮೇಲೆ ಲೆಕ್ಕ ಕಟ್ಟುತ್ತಾರೆ. ಮೈದಾನದ ಲೆಕ್ಕಕ್ಕೆ ನಿಮ್ಮದು 10, ನಿಮ್ಮ ಗೆಳೆಯರದು 18 ಆದರೆ, ಮ್ಯಾಚ್ ಪ್ಲೇನಲ್ಲಿ ಕಷ್ಟದ ಕ್ರಮಾಂಕದ ಮೊದಲ ಎಂಟು ಹೋಲ್‌ಗಳಲ್ಲಿ ಅವರಿಗೆ ಒಂದೊಂದು ಹೊಡೆತದ ರಿಯಾಯಿತಿ. ಆಗ ಕಟ್ಟುನಿಟ್ಟಾಗಿ ಆಡಬೇಕಾದವರು ಬಲಶಾಲಿಗಳೇ. ಅಂಥ ಹೋಲ್‌ನಲ್ಲಿ ಎದುರಿನವರು ಐದಕ್ಕೆ ಮುಗಿಸಿದರೆ ನಿಮ್ಮ ನಾಲ್ಕು ಅದಕ್ಕೆ ಸಮ ಅಷ್ಟೇ. ಸುಮ್ಮನೆ ಪಾರ್ ಮಾಡಿ ಸಮಾಧಾನಪಟ್ಟುಕೊಳ್ಳುತ್ತಿದ್ದವರು ಪಾರ್‌ಗಿಂತ ಒಂದು ಹೊಡೆತ ಕಡಿಮೆಯ ಬರ್ಡಿಗೆ ಕೈ ಚಾಚುವುದು ಇಂಥ ಒತ್ತಾಯ ಬಿದ್ದಾಗಲೇ.

ಹೊಸಬರು ಒಂದು ಹೋಲ್‌ನಲ್ಲಿ ಹತ್ತು ಹನ್ನೆರಡು ಹೊಡೆದು ಕುಗ್ಗಿಹೋಗುವುದುಂಟು. ಅವರಿರುವ ಗುಂಪಿಗೆ ಸ್ಟೇಬಲ್‌ಫರ್ಡ್ ಲೆಕ್ಕ ಒಳ್ಳೆಯದು. ಇಂಗ್ಲೆಂಡಿನ ವಾಲಸೀ ಕ್ಲಬ್ಬಿನಲ್ಲಿ 1932ರಲ್ಲಿ ಡಾ. ಫ್ರಾಂಕ್ ಸ್ಟೇಬಲ್‌ಫರ್ಡ್ ಇದರ ಪಂದ್ಯ ಆಡಿಸಿದರು. ರಿಯಾಯಿತಿ ಕಳೆದ ಮೇಲೆ ಪಾರ್‌ಗೆ 2 ಅಂಕ, ಬರ್ಡಿಗೆ 3, ಪಾರ್‌ಗಿಂತ ಒಂದು ಹೊಡೆತ ಹೆಚ್ಚಾದ ಬೋಗಿಗೆ 1, ಅದಕ್ಕಿಂತ ಹೆಚ್ಚಾದರೆ ಸೊನ್ನೆ. ಸೊನ್ನೆ ಎಂದು ಗೊತ್ತಾದ ಕೂಡಲೇ ಚೆಂಡು ಎತ್ತಿಕೊಂಡು ಮುಂದಿನ ಹೋಲ್‌ಗೆ ಹೊಸದಾಗಿ ಹೋಗಬಹುದು. ಇಲ್ಲಿ ಎತ್ತಿಕೊಳ್ಳುವುದಕ್ಕೆ ನನ್ನ ತಕರಾರಿಲ್ಲ.

ಗೆಳೆಯರಿಂದ ಕಲಿಯುವುದು ಅಂದರೆ ಅವರನ್ನು ಕೇಳುವುದು ಎಂದುಕೊಳ್ಳಬೇಡಿ. ಸುತ್ತಿನ ನಡುವೆ ಎದುರಾಳಿಯನ್ನು "ಯಾವ ಕ್ಲಬ್ ತಗೊಂಡ್ರಿ?" ಎಂದು ಕೇಳುವಂತಿಲ್ಲ. ಕೇಳಿದರೆ ಸ್ಟ್ರೋಕ್ ಪ್ಲೇನಲ್ಲಿ ಎರಡು ಹೊಡೆತ ದಂಡ, ಮ್ಯಾಚ್ ಪ್ಲೇನಲ್ಲಿ ಆ ಹೋಲೇ ಹೋಯಿತು. ಸಲಹೆಯನ್ನು ಕೋಲಿನ ಚೀಲ ಹೊರುವ ನಿಮ್ಮ ಕ್ಯಾಡಿಯಿಂದ, ಜೋಡಿ ಆಟವಾದರೆ ಜೊತೆಗಾರರಿಂದ ಮಾತ್ರ ಪಡೆಯಬಹುದು. ನೋಡಿ ಕಲಿಯುವುದಕ್ಕೆ ಅಡ್ಡಿಯಿಲ್ಲ. ಅದರಲ್ಲೂ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ, ಬೆಳಗಿನ ಜಾವದ ಮಂಜು ಇನ್ನೂ ಬೆಟ್ಟ ಬಿಟ್ಟಿರದ ಹೊತ್ತಿನಲ್ಲಿ, ನಮ್ಮ ಗ್ರೀನ್ ತುಂಬ ಇಬ್ಬನಿ ಬೆಳ್ಳಗೆ ಕೂತಿರುತ್ತದೆ. ದೂರ ಇರುವವರು ಮೊದಲು ಪಟ್ ಹೊಡೆಯುತ್ತಾರೆ. ಚೆಂಡು ಉರುಳಿದಷ್ಟು ಉದ್ದಕ್ಕೂ ಇಬ್ಬನಿ ಒರೆಸಿಕೊಂಡು ಹಸಿರು ಗೆರೆ ಮೂಡುತ್ತದೆ. ಮೊದಲು ನೆಟ್ಟಗೆ, ಕುಳಿಗೆ ನಾಲ್ಕು ಅಡಿ ಇರುವಾಗ ಇಳಿಜಾರಿಗೆ ಬಾಗಿ, ವೇಗ ಕಡಿಮೆಯಾದಂತೆ ಇನ್ನೂ ಬಾಗಿ. ಗ್ರೀನ್ ಎತ್ತ ವಾಲಿದೆ, ಒದ್ದೆಗೆ ಚೆಂಡು ಎಷ್ಟು ಬೇಗ ನಿಲ್ಲುತ್ತದೆ, ಎಲ್ಲವೂ ಆ ಗೆರೆಯಲ್ಲಿದೆ. ನಿಮ್ಮ ದಾರಿಯ ಇಬ್ಬನಿ ಒರೆಸುವುದು ನಿಯಮಕ್ಕೆ ವಿರುದ್ಧ, ಗೆಳೆಯರ ಗೆರೆ ಓದಿಕೊಳ್ಳುವುದು ಅಲ್ಲ. ಸುಮ್ಮನೆ ಕಾಲ ಕಳೆಯಲು ಬಂದವರು ಆಗ ಫೋನ್ ನೋಡುತ್ತಿರುತ್ತಾರೆ. ಗೆಲ್ಲಬೇಕೆಂದು ಬಂದವರಿಗೆ ಮಾತ್ರ ಅದು ಕಾಣುತ್ತದೆ.

ಸ್ಟ್ರೋಕ್ ಪ್ಲೇ ಪಂದ್ಯದಲ್ಲಿ ನಿಮ್ಮ ಕಾರ್ಡನ್ನು ನೀವಲ್ಲ, ನಿಮ್ಮ ಜೊತೆ ಆಡುವವರು ಬರೆಯುತ್ತಾರೆ. ಕೊನೆಗೆ ಇಬ್ಬರೂ ಸಹಿ ಹಾಕಬೇಕು. ಗೆಳೆಯರ ಆಟದಲ್ಲೂ ಈ ಪದ್ಧತಿ ಬಿಡಬಾರದು. ನಮ್ಮ ಹೊಡೆತಗಳನ್ನು ನಾವೇ ಎಣಿಸುವಾಗ ಪೊದೆಯೊಳಗಿನದೊಂದು ಮರೆತುಹೋಗುತ್ತದೆ. "ಆರಲ್ವಾ ಡಾಕ್ಟ್ರೆ? ಮರಳಿನ ಬಂಕರ್‌ನಲ್ಲಿ ಎರಡಾಯ್ತಲ್ಲ" ಎಂದು ಮೆಲ್ಲಗೆ ನೆನಪಿಸುವ ಗೆಳೆಯರು ಬೇಕು. ಒಂದೊಂದು ಹೊಡೆತಕ್ಕೂ ಎಷ್ಟು ಬೆಲೆ ಎಂಬುದನ್ನು ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಆಟ ನೋಡಿದವರಿಗೆ ಹೇಳಬೇಕಾಗಿಲ್ಲ. 2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕು ದಿನದ ಆಟ ಮುಗಿದಾಗ ಅವರು ನಾಲ್ಕನೆಯವರು. ಬೆಳ್ಳಿ ಕಂಚಿಗೆ ಸೆಣಸಿದ ಇಬ್ಬರಿಗಿಂತ ಹಿಂದಿದ್ದದ್ದು ಒಂದೇ ಒಂದು ಹೊಡೆತ.

ಇಬ್ಬಿಬ್ಬರ ಜೋಡಿಯಾಗಿ ಒಂದೇ ಚೆಂಡನ್ನು ಸರದಿಯ ಮೇಲೆ ಹೊಡೆಯುವ ಫೋರ್‌ಸಮ್ಸ್ ಆಟವನ್ನು ನಮ್ಮಲ್ಲಿ ಕಡಿಮೆ ಆಡುತ್ತಾರೆ. ತಿಂಗಳಿಗೊಮ್ಮೆಯಾದರೂ ಆಡಿ. ನಾವು ಕೆಟ್ಟದಾಗಿ ಹೊಡೆದ ಚೆಂಡನ್ನು ಸರಿಪಡಿಸಬೇಕಾದವರು ನಮ್ಮ ಜೊತೆಗಾರರು ಎಂದಾಗ, ಮರಗಳ ಸಂದಿಯಿಂದ ಸಾಹಸ ಮಾಡುವ ಚಪಲ ತಾನಾಗಿ ಅಡಗಿ ಹುಲ್ಲು ಕತ್ತರಿಸಿದ ಹಾದಿಗೆ, ಫೇರ್‌ವೇಗೆ, ತಂದು ಹಾಕುವ ಬುದ್ಧಿ ಬರುತ್ತದೆ.

ಪಣ ಏನಿಡಬೇಕು ಎಂದು ಕೇಳುತ್ತಾರೆ. ದುಡ್ಡು ಬೇಡ. ದುಡ್ಡು ಬಂದರೆ ಸ್ನೇಹಕ್ಕೂ ಕುತ್ತು, ಆಟಕ್ಕೂ ಕುತ್ತು. ಸೋತವರು ಎಲ್ಲರಿಗೂ ಅಕ್ಕಿರೊಟ್ಟಿ, ಕಾಫಿ ಕೊಡಿಸಲಿ. ಸಾಕಷ್ಟು ಬಿಸಿ ಏರುತ್ತದೆ. ಪೂರ್ತಿ ಸುತ್ತಿಗೆ ಸಮಯವಿಲ್ಲದ ಸಂಜೆ ಗ್ರೀನ್ ಹೊರಗಿನಿಂದ ಚಿಪ್ ಮಾಡಿ, ಅಂದರೆ ಚೆಂಡನ್ನು ಮೆಲ್ಲಗೆ ಎತ್ತಿ ಹಾಕಿ, ಒಂದೇ ಪಟ್‌ಗೆ ಮುಗಿಸುವ ಪಂದ್ಯ ಇಟ್ಟುಕೊಳ್ಳಿ. ಒಬ್ಬರು ಗ್ರೀನ್ ಸುತ್ತ ಬೇಕಾದ ಕಡೆ ಚೆಂಡು ಇಡುವುದು, ಇಬ್ಬರೂ ಅಲ್ಲಿಂದಲೇ ಆಡುವುದು, ಗೆದ್ದವರು ಮುಂದಿನ ಜಾಗ ಆರಿಸುವುದು. ಗೆಳೆಯರು ನಿಮ್ಮ ಬಲಹೀನತೆ ಕಂಡುಹಿಡಿದು ಅಲ್ಲಿಯೇ ಚೆಂಡು ಇಡುತ್ತಾರೆ. ಯಾವ ಕೋಚೂ ಇದಕ್ಕಿಂತ ಚೆನ್ನಾಗಿ ಪಾಠ ಹೇಳಲಾರರು.

ಇನ್ನು ಮಳೆಗಾಲ. ಜೂನ್ ಹಿಡಿದರೆ ನಮ್ಮಲ್ಲಿ ಚೆಂಡು ಬಿದ್ದಲ್ಲೇ ಹೂತುಕೊಳ್ಳುತ್ತದೆ, ವಾರಗಟ್ಟಲೆ ಮೈದಾನಕ್ಕೆ ಕಾಲಿಡಲಾಗುವುದಿಲ್ಲ. ಆಗ ಯಾರದಾದರೂ ಮನೆಯ ಹಜಾರದಲ್ಲಿ ಜಮಖಾನೆ ಹಾಸಿ, ಎಂಟು ಅಡಿ ದೂರದಲ್ಲಿ ಸ್ಟೀಲ್ ಲೋಟ ಅಡ್ಡ ಮಲಗಿಸಿ. ಲೋಟದ ಬಾಯಿ ಗಾಲ್ಫ್ ಕುಳಿಗಿಂತ ಚಿಕ್ಕದು, ಅದಕ್ಕೇ ಒಳ್ಳೆಯದು. ಸತತವಾಗಿ ಐದು ಹಾಕಿದವರು ಗೆದ್ದಂತೆ, ಒಂದು ತಪ್ಪಿದರೆ ಮತ್ತೆ ಒಂದರಿಂದ ಎಣಿಕೆ. ಮನೆಯ ಮಕ್ಕಳನ್ನೂ ಸೇರಿಸಿಕೊಳ್ಳಿ, ಅವರಿಗೆ ಒಂದಡಿ ರಿಯಾಯಿತಿ ಕೊಡಿ. ಆದರೆ ಲೋಟದ ಹತ್ತಿರ ಬಂದು ನಿಂತ ಚೆಂಡನ್ನು ಅವರಿಗೂ ಬಿಟ್ಟುಕೊಡಬೇಡಿ.

ನಮಸ್ಕಾರ.