ಹಳೆಯ ಚೀನೀ ಪುಸ್ತಕಗಳಿಗೆ ಆನ್‌ಲೈನ್ ಸೂಚಿ

ಕೇಳುಗರಿಗೆ ನಮಸ್ಕಾರ. ಚೀನಾದ ಹಳೆಯ ಮುದ್ರಿತ ಪುಸ್ತಕಗಳು ಹಲವು ದೇಶಗಳ ಗ್ರಂಥಾಲಯಗಳಲ್ಲಿ ಚದುರಿವೆ. 1795ರವರೆಗಿನವನ್ನು ಒಂದೇ ಕಂಪ್ಯೂಟರ್ ಸೂಚಿಗೆ ತರುವ ಯೋಜನೆಯೊಂದು 1991ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಶುರುವಾಯಿತು. ಇಂಥ ಸೂಚಿಗೆ ಒಂದು ಪುಸ್ತಕವನ್ನು ಸೇರಿಸುವುದು ಹೇಗೆ?

ಹೆಸರನ್ನು ಹೊದಿಕೆಯಿಂದ ತೆಗೆದುಕೊಳ್ಳಬಾರದು, ಹೊದಿಕೆ ಎಷ್ಟೋ ಸಲ ಬದಲಾಗಿರುತ್ತದೆ. ಮೊದಲ ಜುವಾನ್‌ನ, ಅಂದರೆ ಮೊದಲ ಭಾಗದ, ಮೊದಲ ಸಾಲೇ ಪ್ರಮಾಣ. ಆಮೇಲೆ ಅಳತೆ. ಮರದ ಹಲಗೆಯಿಂದ ಒಂದೇ ಬದಿಗೆ ಅಚ್ಚಾದ ಹಾಳೆಯನ್ನು ಅಕ್ಷರ ಹೊರಗೆ ಬರುವಂತೆ ಮಡಚಿರುತ್ತಾರೆ. ಅರ್ಧ ಹಾಳೆಗೆ ಎಷ್ಟು ಸಾಲು, ಸಾಲಿಗೆ ಎಷ್ಟು ಅಕ್ಷರ, ಚೌಕಟ್ಟಿನ ಗೆರೆ ಒಂಟಿಯೋ ಜೋಡಿಯೋ, ಮಡಿಕೆಯಲ್ಲಿನ ಮೀನಬಾಲದ ಗುರುತು ಕಪ್ಪೋ ಬಿಳಿಯೋ, ಎಲ್ಲವೂ ಬೇಕು. ಸೆಂಟಿಮೀಟರಿನಲ್ಲಿ ಅಳೆಯುವುದು ಚೌಕಟ್ಟನ್ನು, ಕಾಗದವನ್ನಲ್ಲ. ಕಾಗದದ ಅಂಚನ್ನು ಯಾರೋ ಕತ್ತರಿಸಿರಬಹುದು. ಹಲಗೆಯೂ ಒಣಗಿ ಕುಗ್ಗುತ್ತದೆ. ಹಾಗಾಗಿ ಕೆಲವು ಮಿಲಿಮೀಟರ್ ವ್ಯತ್ಯಾಸ ಕಂಡ ಮಾತ್ರಕ್ಕೆ ಬೇರೆ ಆವೃತ್ತಿ ಎನ್ನಲಾಗದು. ಎರಡು ಪ್ರತಿಗಳಲ್ಲೂ ಒಂದೇ ಜಾಗದಲ್ಲಿ ಬಿರುಕಿದ್ದರೆ ಹಲಗೆ ಒಂದೇ ಎಂದು ಧೈರ್ಯವಾಗಿ ಹೇಳಬಹುದು.

ಹೆಚ್ಚು ಎಡವುವುದು ಕಾಲನಿರ್ಣಯದಲ್ಲಿ. ಮುನ್ನುಡಿಯ ವರ್ಷವನ್ನೇ ಮುದ್ರಣದ ವರ್ಷವೆಂದು ಬರೆದುಬಿಡುತ್ತಾರೆ. ಹಲಗೆಗಳು ಕೈಯಿಂದ ಕೈಗೆ ಹೋಗಿ, ತಲೆಮಾರು ಕಳೆದ ಮೇಲೂ ಅಚ್ಚಿಗೆ ಬರುತ್ತಿದ್ದವು. ಮರುಕೆತ್ತಿದವರು ಹಳೆಯ ಮುನ್ನುಡಿಯನ್ನು ಉಳಿಸಿಕೊಂಡರು. ವ್ಯಾಪಾರಿಗಳು ಬೆಲೆ ಏರಲೆಂದು ಹೊಸ ಮುನ್ನುಡಿಯನ್ನೇ ಕಿತ್ತರು. ಇಲ್ಲಿ ನೆರವಿಗೆ ಬರುವುದು ನಿಷಿದ್ಧ ಅಕ್ಷರ, ಅಂದರೆ ಚಕ್ರವರ್ತಿಯ ಸ್ವಂತ ಹೆಸರಿನಲ್ಲಿರುವುದರಿಂದ ಇದ್ದಂತೆಯೇ ಬರೆಯಬಾರದಾಗಿದ್ದ ಅಕ್ಷರ. ಕಾಂಗ್‌ಶಿ ಚಕ್ರವರ್ತಿಯ ಸ್ವಂತ ಹೆಸರು ಶುವಾನ್‌ಯೆ. 1662ರಿಂದಾಚೆಯ ಅವನ ಆಳ್ವಿಕೆಯ ಪುಸ್ತಕಗಳಲ್ಲಿ ‘ಶುವಾನ್’ ಅಕ್ಷರದ ಕೊನೆಯ ಗೀಟು ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಹಳೆಯ ಹಲಗೆಯ ಮೇಲಿನ ಗೀಟನ್ನು ಆಮೇಲೆ ಕೆರೆದಿರಲೂಬಹುದು. ಸಾಲದ್ದಕ್ಕೆ ನೂರಾರು ವರ್ಷ ಹಿಂದಿನ ಸಾಂಗ್ ರಾಜವಂಶದ ಕಾಲದಲ್ಲೂ ಇದೇ ಅಕ್ಷರ ನಿಷಿದ್ಧವಾಗಿತ್ತು! ಇದೊಂದನ್ನೇ ನೆಚ್ಚಿಕೊಂಡರೆ ಕೆಟ್ಟೆವು.

ವರ್ಷದ ಹೆಸರುಗಳು ನಮ್ಮ ಸಂವತ್ಸರಗಳಂತೆ 60 ವರ್ಷಕ್ಕೊಮ್ಮೆ ಮರಳುತ್ತವೆ. ಈ ಸುತ್ತಿನ ಮೊದಲ ಹೆಸರಾದ ‘ಜಿಯಾಜಿ’ ಎಂದಷ್ಟೇ ಇದ್ದರೆ 1624 ಆಗಬಹುದು, 1684 ಆಗಬಹುದು, 1744ಕೂಡ. ಚಿಯಾನ್‌ಲಾಂಗ್ ಚಕ್ರವರ್ತಿಯ ಆಳ್ವಿಕೆಯ 60ನೇ ವರ್ಷವೆಂದರೆ 1795. ಆದರೆ ಚೀನೀ ವರ್ಷ ಜನವರಿಯ ಮೊದಲ ದಿನಕ್ಕೆ ಶುರುವಾಗುವುದಿಲ್ಲವಾದ್ದರಿಂದ, ಅದರ ಹನ್ನೆರಡನೇ ತಿಂಗಳು ಬಿದ್ದದ್ದು 1796ರಲ್ಲಿ.

ಟೈಪ್ ಮಾಡುವಾಗ ಅಕ್ಷರಗಳು ಪುಸ್ತಕದಲ್ಲಿದ್ದ ರೂಪದಲ್ಲೇ ಇರಲಿ, ಜೊತೆಗೆ ಪಿನ್‌ಯಿನ್, ಅಂದರೆ ರೋಮನ್ ಅಕ್ಷರಗಳಲ್ಲಿ ಬರೆದ ಉಚ್ಚಾರಣೆ. ಒಂದೇ ಅಕ್ಷರದ ಹಳೆಯ ರೂಪ, ಸರಳ ರೂಪಗಳನ್ನು ಹುಡುಕಾಟದಲ್ಲಿ ಒಂದಕ್ಕೊಂದು ಜೋಡಿಸದಿದ್ದರೆ, ಇರುವ ಪುಸ್ತಕವೂ ಸಿಗುವುದಿಲ್ಲ. ಊಹಿಸಿದ ವರ್ಷವನ್ನು ಚೌಕ ಆವರಣದಲ್ಲಿ ಹಾಕಿ, ಕಾರಣವನ್ನು ಟಿಪ್ಪಣಿಯಲ್ಲಿ ಬರೆಯಿರಿ. ಮೊದಲ ಜುವಾನ್‌ನ ಮೊದಲ ಪುಟದ ಚಿತ್ರವನ್ನೂ ಸೇರಿಸಿ. ಬೇರೆ ದೇಶದಲ್ಲಿರುವ ಪ್ರತಿಯೊಂದಿಗೆ ಹೋಲಿಸಿ ನೋಡುವವರು ಮೊದಲು ಕೇಳುವುದು ಅದನ್ನೇ.